ಬೋರ್‌ನಲ್ಲಿ ಎರಡು ಇಂಚು ನೀರು ಬಿತ್ತು ಅಂದರೆ ಎಷ್ಟು?

ಬೋರ್ ಲಾರಿಯವರು ಕೊರೆದು ಮುಗಿಸುವ ಹೊತ್ತಿಗೆ ಹೊಲದಲ್ಲಿ ಒಂದು ಸಣ್ಣ ಅಳತೆ ನಡೆಯುತ್ತದೆ. ಕಂಪ್ರೆಸರ್ ಗಾಳಿಗೆ ಮೇಲೆ ಬಂದ ನೀರನ್ನು ಮಣ್ಣಿನ ಕಟ್ಟೆ ಕಟ್ಟಿ ಒಂದೇ ಕಡೆ ಹರಿಸುತ್ತಾರೆ. ಅದಕ್ಕೆ ಅಡ್ಡಲಾಗಿ ಒಂದು ತಗಡು ನಿಲ್ಲಿಸುತ್ತಾರೆ. ತಗಡಿನ ನಡುವೆ ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಕತ್ತರಿಸಿರುತ್ತಾರೆ. ಆ ವಿ ಮೂಲೆಯಿಂದ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂದು ಸ್ಕೇಲ್ ಹಿಡಿದು ನೋಡಿ, “ಎರಡು ಇಂಚು ಸಾರ್” ಅನ್ನುತ್ತಾರೆ. ಮನೆಯವರ ಮುಖ ಅರಳುತ್ತದೆ. ಪಕ್ಕದ ಜಮೀನಿನವರು ಒಂದು ಇಂಚು ಕಂಡಿದ್ದರೆ ಇನ್ನೂ ಸ್ವಲ್ಪ ಜಾಸ್ತಿಯೇ ಅರಳುತ್ತದೆ.

ಈ ಇಂಚಿಗೂ ಪೈಪಿನ ಇಂಚಿಗೂ ಸಂಬಂಧವಿಲ್ಲ. ಎರಡು ಇಂಚಿನ ಪೈಪ್ ತುಂಬ ಬರುವ ನೀರು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಒಂದು ಇಂಚಿನ ಎರಡರಷ್ಟು ಎರಡು ಇಂಚು ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ವಿ ಮೇಲೆ ಹೋದಂತೆ ಅಗಲವಾಗುತ್ತದೆ, ನೀರಿನ ವೇಗವೂ ಏರುತ್ತದೆ. ಹಾಗಾಗಿ 90 ಡಿಗ್ರಿಯ ವಿ ತಗಡಿನಲ್ಲಿ ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚಿಗೆ ಸುಮಾರು 2,900 ಲೀಟರ್. ಮೂರಕ್ಕೆ 8,000, ನಾಲ್ಕಕ್ಕೆ 16,000. ಎರಡು ಇಂಚನ್ನು ಯಾರಾದರೂ ಪ್ರೀತಿಯಿಂದ ಎರಡೂವರೆ ಅಂದುಬಿಟ್ಟರೆ 2,900 ಇದ್ದದ್ದು 5,000 ದಾಟುತ್ತದೆ. ಕೂಗುವವರ ಬಾಯಲ್ಲಿ ಅರ್ಧ ಇಂಚು ಹೆಚ್ಚು ಬಂದರೆ ನೀವು ಕೊಳ್ಳುವ ಮೋಟಾರ್ ಬದಲಾಗುತ್ತದೆ, ಡ್ರಿಪ್ ಹಾಕುವ ಎಕರೆ ಬದಲಾಗುತ್ತದೆ, ಸಾಲವೂ ಬದಲಾಗುತ್ತದೆ. ಸ್ಕೇಲ್ ಹಿಡಿಯಬೇಕಾದದ್ದು ನೀರು ಬೀಳುವ ಅಂಚಿನಲ್ಲಲ್ಲ, ಅಲ್ಲಿ ನೀರು ಬಾಗಿರುತ್ತದೆ. ಒಂದೆರಡು ಅಡಿ ಹಿಂದೆ, ನೀರು ಸಮವಾಗಿ ನಿಂತ ಕಡೆ ಹಿಡಿಯಬೇಕು.

ಅಳತೆ ಸರಿಯಾಗಿದ್ದರೂ ಇನ್ನೊಂದು ತೊಡಕಿದೆ. ಆರೂವರೆ ಇಂಚಿನ ಬೋರ್‌ನಲ್ಲಿ ಒಂದು ಅಡಿಗೆ ಆರೂವರೆ ಲೀಟರ್ ನೀರು ಹಿಡಿಯುತ್ತದೆ. ಎರಡೂ ಕಡೆ ಆರೂವರೆಯೇ ಬಂದದ್ದು ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಒಳ್ಳೆಯದಾಯಿತು. 700 ಅಡಿ ನೀರು ನಿಂತಿದ್ದರೆ ಬೋರ್‌ನ ಹೊಟ್ಟೆಯಲ್ಲೇ 4,500 ಲೀಟರ್ ಇರುತ್ತದೆ. ಕಂಪ್ರೆಸರ್ ಮೊದಲು ಹೊರಗೆ ಎಸೆಯುವುದು ಇದನ್ನೇ. ಸುತ್ತಲಿನ ಬಿರುಕುಗಳಲ್ಲಿ ನಿಂತ ನೀರೂ ಅದರ ಹಿಂದೆಯೇ ಬರುತ್ತದೆ. ಅರ್ಧ ಗಂಟೆಯ ಚಿಮ್ಮು ನೋಡಿ ಹತ್ತು ವರ್ಷದ ತೋಟ ಯೋಜಿಸುವುದು ಇಲ್ಲಿಂದಲೇ ಹಳಿ ತಪ್ಪುತ್ತದೆ.

ನಾನು ಅಂತರ್ಜಲ ಸರ್ವೆ ಮಾಡುವವನು, ಹೆಚ್ಚಾಗಿ ಕೆಲಸ ಮಾಡುವುದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ. ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: “ಸಾರ್, ಎಷ್ಟು ಅಡಿಗೆ ಬೀಳುತ್ತೆ?” ನೆಲದಡಿಯಲ್ಲಿ ಎಲ್ಲೋ ಒಂದು ಕಡೆ ನೀರಿನ ಹೊಳೆ ಹರಿಯುತ್ತಿದೆ, ಅದರ ನೆತ್ತಿಗೆ ಸರಿಯಾಗಿ ತೂತು ಕೊರೆದರೆ ಸಾಕು ಎಂಬ ನಂಬಿಕೆ ಈ ಪ್ರಶ್ನೆಯೊಳಗಿದೆ. ನಮ್ಮ ಕಡೆಯ ಕಲ್ಲಿಗೆ ಇದು ಒಪ್ಪುವುದಿಲ್ಲ.

ಬೆಂಗಳೂರಿನ ಲಾಲ್‌ಬಾಗ್ ಬಂಡೆ ಹತ್ತಿದವರಿಗೆ ಈ ಕಲ್ಲು ಗೊತ್ತು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಇದನ್ನು ಪೆನಿನ್ಸುಲರ್ ನೈಸ್ ಎಂದು ಕರೆದರು. ವಯಸ್ಸು ಸುಮಾರು 300 ಕೋಟಿ ವರ್ಷ. ಮರಳುಗಲ್ಲಿನಲ್ಲಿ ಇರುವಂಥ ಸಂದಿ ಇದರ ಕಣಗಳ ನಡುವೆ ಇಲ್ಲ. ಗಟ್ಟಿ ಬಂಡೆ ತನ್ನೊಳಗೆ ನೀರು ಹಿಡಿಯುವುದೇ ಇಲ್ಲ ಅನ್ನಬಹುದು. ನೀರು ಹಿಡಿಯುವುದು ಅದರ ಮೇಲಿನ, ಮಳೆ ಬಿಸಿಲಿಗೆ ಲಕ್ಷಾಂತರ ವರ್ಷ ಕೊಳೆತ ಪದರ. ಕೆಂಪು ಮಣ್ಣು, ಅದರಡಿ ಗರಸು, ಅದರಡಿ ಕೈಯಲ್ಲಿ ಹಿಡಿದರೆ ರವೆಯಂತೆ ಉದುರುವ ಕಲ್ಲು. ಇದೆಲ್ಲ ಸೇರಿ ಸಾಮಾನ್ಯವಾಗಿ 10ರಿಂದ 30 ಮೀಟರ್ ದಪ್ಪ. ಬೋರ್ ಹಾಕುವಾಗ ಕೇಸಿಂಗ್ ಪೈಪ್ ಇಳಿಸುವುದು ಇದರ ತಳದವರೆಗೇ. ಅದರ ಕೆಳಗೆ ಬಿರುಕು ಬಿಟ್ಟ ಕಲ್ಲು. ಇನ್ನೂ ಕೆಳಗೆ, ಅಲ್ಲೊಂದು ಇಲ್ಲೊಂದು ಸೀಳು ಬಿಟ್ಟರೆ ಬರೀ ಬಂಡೆ.

ಎಷ್ಟು ನೀರು ಎಲ್ಲಿದೆ ಎಂದು ಲೆಕ್ಕ ಹಾಕಿ ನೋಡಿ. ದೇಶದ ಅಂತರ್ಜಲ ಅಂದಾಜಿಗೆ ಬಳಸುವ ಮಾನದಂಡದ ಪ್ರಕಾರ ಕೊಳೆತ ಗ್ರಾನೈಟ್ ಅಥವಾ ನೈಸ್ ತನ್ನ ಗಾತ್ರದ ಶೇ. 1.5ರಿಂದ 3ರಷ್ಟು ನೀರನ್ನು ಬಿಟ್ಟುಕೊಡುತ್ತದೆ. ಜೇಡಿ ಜಾಸ್ತಿ ಇದ್ದರೆ ಒಂದೂವರೆ, ಕಡಿಮೆ ಇದ್ದರೆ ಮೂರು. ಒಂದು ಎಕರೆಯಲ್ಲಿ ಈ ಪದರ 20 ಮೀಟರ್ ದಪ್ಪಕ್ಕೆ ನೆನೆದಿದ್ದರೆ ಅದರಲ್ಲಿ 12ರಿಂದ 24 ಲಕ್ಷ ಲೀಟರ್. ಬಿರುಕಿನ ಕಲ್ಲಿನಲ್ಲಿ ಈ ಪ್ರಮಾಣ ಶೇ. 1 ಕೂಡ ಮುಟ್ಟುವುದಿಲ್ಲ. ಅಂದರೆ ಕೆಳಗಿನ ಬಿರುಕಿಗೆ ನೀರು ಕೂಡಿಡುವ ತಾಕತ್ತಿಲ್ಲ. ಅದು ಮೇಲಿನ ಪದರದಿಂದ ನೀರನ್ನು ನಿಮ್ಮ ಬೋರ್‌ವರೆಗೆ ತಂದು ಕೊಡುವ ದಾರಿ. ಸಾವಿರ ಅಡಿಗೆ ಬಿದ್ದ ನೀರೂ ಒಂದು ಕಾಲದಲ್ಲಿ ಮೇಲಿನಿಂದ ಇಳಿದದ್ದೇ.

ಅಜ್ಜಂದಿರ ಕಪಿಲೆ ಬಾವಿಗಳು ಇದ್ದದ್ದು ಈ ಮೇಲಿನ ಪದರದಲ್ಲೇ. ಮೂವತ್ತು ನಲವತ್ತು ಅಡಿ ಆಳ, ಮಳೆ ಚೆನ್ನಾಗಿ ಬಂದರೆ ಕೈಗೆಟಕುವಷ್ಟು ನೀರು. ಬೋರ್ ಬಂದು ಮೇಲಿನ ಪದರ ಬರಿದಾದ ಮೇಲೆ ನಾವು ದಾರಿಯಲ್ಲಿ ಉಳಿದಿದ್ದ ನೀರನ್ನೇ ಹುಡುಕಿಕೊಂಡು ಕೆಳಗೆ ಕೆಳಗೆ ಹೋದೆವು. 300 ಅಡಿ, 600 ಅಡಿ, 1,200 ಅಡಿ. ಹೈದರಾಬಾದಿನ ಬಳಿಯ ಮಹೇಶ್ವರಂನಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ) ಮತ್ತು ಫ್ರಾನ್ಸಿನ ಭೂವಿಜ್ಞಾನ ಸಂಸ್ಥೆ ಬಿಆರ್‌ಜಿಎಂನವರು ನಮ್ಮಂಥದ್ದೇ ಗ್ರಾನೈಟ್ ನೆಲವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ನೀರು ಚೆನ್ನಾಗಿ ಹರಿಯುವ ಬಿರುಕುಗಳಲ್ಲಿ ಬಹುಪಾಲು ಮೇಲಿನ ಕೆಲವು ಹತ್ತು ಮೀಟರ್‌ಗಳಲ್ಲೇ ಇವೆ, ಆಳಕ್ಕೆ ಹೋದಂತೆ ವಿರಳವಾಗುತ್ತವೆ ಎಂದು ಕಂಡುಕೊಂಡರು. ಲಾರಿಯವರ ಅಡಿ ದರ ಮಾತ್ರ ಆಳಕ್ಕೆ ಹೋದಂತೆ ಏರುತ್ತದೆ. ಸಿಗುವ ಸಾಧ್ಯತೆ ಕಡಿಮೆಯಾದಷ್ಟೂ ಬೆಲೆ ಜಾಸ್ತಿಯಾಗುವ ವಿಚಿತ್ರ ವ್ಯಾಪಾರ ಇದು.

ಇನ್ನು ಪಾಯಿಂಟ್ ಮಾಡುವ, ಅಂದರೆ ಎಲ್ಲಿ ಕೊರೆಯಬೇಕೆಂದು ಜಾಗ ಗುರುತಿಸುವ ವಿಷಯ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರು, ಬೇವಿನ ಕವೆಕಡ್ಡಿ ಹಿಡಿಯುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವರಲ್ಲಿ ಎಷ್ಟೋ ಜನ ನಿಜವಾಗಿ ನಂಬಿಯೇ ಮಾಡುತ್ತಾರೆ, ಮೋಸಗಾರರಲ್ಲ. ಜರ್ಮನಿಯ ಮ್ಯೂನಿಕ್ ಬಳಿ 1987–88ರಲ್ಲಿ ಇದಕ್ಕೆ ದೊಡ್ಡ ಪರೀಕ್ಷೆಯೇ ನಡೆಯಿತು. ಎರಡು ಅಂತಸ್ತಿನ ಕೊಟ್ಟಿಗೆ. ಕೆಳಗೆ ನೀರಿನ ಪೈಪನ್ನು ಗಾಡಿಯ ಮೇಲಿಟ್ಟು ಜಾಗ ಬದಲಿಸುತ್ತಿದ್ದರು, ಮೇಲಿನ ಅಂತಸ್ತಿನಲ್ಲಿ ಕಡ್ಡಿ ಹಿಡಿದವರು ಪೈಪ್ ಎಲ್ಲಿದೆ ಹೇಳಬೇಕು. ಸುಮಾರು 500 ಜನರಲ್ಲಿ ಚೆನ್ನಾಗಿ ಹೇಳಬಲ್ಲರು ಅನ್ನಿಸಿದ 43 ಮಂದಿಯನ್ನು ಆರಿಸಿ 843 ಬಾರಿ ಪರೀಕ್ಷಿಸಿದರು. ಪರೀಕ್ಷೆ ನಡೆಸಿದವರು ಕೆಲವರಲ್ಲಿ ಶಕ್ತಿ ಇದೆ ಎಂದೇ ಬರೆದರು. ಅದೇ ಅಂಕಿಗಳನ್ನು ಮತ್ತೆ ಬಿಡಿಸಿ ನೋಡಿದ ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್, ಸುಮ್ನೆ ಊಹೆ ಮಾಡಿದ್ದಕ್ಕಿಂತ ಇದು ಮೇಲೇನಲ್ಲ ಎಂದು ತೋರಿಸಿದರು. ನಮ್ಮ ಊರುಗಳಲ್ಲಿ ಹಿಂದೆ ಕಾಯಿ ಹಿಡಿದವರು ಗೆಲ್ಲುತ್ತಿದ್ದುದಕ್ಕೆ ಕಾರಣ ಸರಳ. ಮೇಲಿನ ಪದರ ನೆನೆದಿದ್ದಾಗ ಎಲ್ಲಿ ಕೊರೆದರೂ ಒಂದಷ್ಟು ನೀರು ಬೀಳುತ್ತಿತ್ತು.

ಹಾಗಂತ ಯಂತ್ರ ಹಿಡಿದು ಬಂದವರನ್ನೆಲ್ಲ ನಂಬಬೇಕೆಂದಲ್ಲ. ನಾವು ಬಳಸುವ ರೆಸಿಸ್ಟಿವಿಟಿ ಸರ್ವೆಯಲ್ಲಿ ನೆಲಕ್ಕೆ ನಾಲ್ಕು ಸರಳು ಹೊಡೆಯುತ್ತೇವೆ. ಹೊರಗಿನ ಎರಡರಿಂದ ಕರೆಂಟ್ ಬಿಡುತ್ತೇವೆ, ಒಳಗಿನ ಎರಡರ ನಡುವೆ ವೋಲ್ಟೇಜ್ ಓದುತ್ತೇವೆ. ನೆನೆದ ಕೊಳೆತ ಕಲ್ಲು ಕರೆಂಟನ್ನು ಸಲೀಸಾಗಿ ಬಿಡುತ್ತದೆ, ಗಟ್ಟಿ ಬಂಡೆ ತಡೆಯುತ್ತದೆ. ಸರಳುಗಳನ್ನು ದೂರ ದೂರ ಒಯ್ದಷ್ಟೂ ಆಳದ ವಿಷಯ ತಿಳಿಯುತ್ತದೆ. 100 ಮೀಟರ್ ಕೆಳಗಿನದ್ದು ಗೊತ್ತಾಗಬೇಕಾದರೆ ತಂತಿಯನ್ನು ಒಟ್ಟು ಮುನ್ನೂರು ನಾನೂರು ಮೀಟರ್ ಎಳೆಯಬೇಕು. ಐವತ್ತು ಮೀಟರ್ ತಂತಿ ಹಾಸಿ “870 ಅಡಿಯಲ್ಲಿ ಮೂರು ಇಂಚು” ಅನ್ನುವವರಿಗೆ ಕೈ ಮುಗಿದು ಕಳಿಸಿ. ಅಷ್ಟು ಆಳದ ನಾಲ್ಕು ಬೆರಳಗಲದ ಬಿರುಕನ್ನು ಮೇಲಿನಿಂದ ಹಿಡಿಯುವ ಯಂತ್ರ ನನ್ನ ಬಳಿಯೂ ಇಲ್ಲ, ಪರದೆ ಮೇಲೆ ಬಣ್ಣದ ಚಿತ್ರ ತೋರಿಸುವವರ ಬಳಿಯೂ ಇಲ್ಲ. ಕೊಳೆತ ಪದರ ಎಲ್ಲಿ ದಪ್ಪವಾಗಿದೆ, ಬಂಡೆ ಎಲ್ಲಿ ಮೇಲೆದ್ದಿದೆ, ಕರಿಕಲ್ಲಿನ ಗೋಡೆ ಎಲ್ಲಿ ಅಡ್ಡ ಬಂದಿದೆ ಎಂದು ಈ ಸರ್ವೆ ಚೆನ್ನಾಗಿ ಹೇಳುತ್ತದೆ. ಈ ಕರಿಕಲ್ಲಿನ ಗೋಡೆ, ಅಂದರೆ ನೆಲದಡಿ ತಾನಾಗಿ ಆದ ಡೈಕ್, ಮುಖ್ಯ. ಅದು ನೆಲದಡಿಯ ನೀರನ್ನು ಅಡ್ಡಗಟ್ಟುತ್ತದೆ, ಇಳಿಜಾರಿನ ಮೇಲ್ಭಾಗದಲ್ಲಿ ನೀರು ನಿಲ್ಲುತ್ತದೆ. ಗೋಡೆಯ ಆಚೆ ಬದಿಯ ಜಮೀನಿಗೆ ಅದೇ ನೀರು ಸಿಗುವುದಿಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಬರೀ ಧೂಳು ಬರುವುದಕ್ಕೆ ಎಷ್ಟೋ ಕಡೆ ಇದೇ ಕಾರಣ.

ಪಾಯಿಂಟಿಗಿಂತ ದೊಡ್ಡ ಪ್ರಶ್ನೆ ಒಳಗೆ ಇಳಿಯುವ ನೀರು ಎಷ್ಟು ಎಂಬುದು. ವರ್ಷದ ಮಳೆ 700 ಮಿ.ಮೀ. ಅಂತ ಇಟ್ಟುಕೊಳ್ಳೋಣ. ಅದೇ ಮಾನದಂಡದಲ್ಲಿ ನಮ್ಮಂಥ ಕೊಳೆತ ಕಲ್ಲಿನ ನೆಲದೊಳಕ್ಕೆ ಇಳಿಯುವುದು ಮಳೆಯ ಶೇ. 8ರಿಂದ 11. ಎಕರೆಗೆ ಲೆಕ್ಕ ಹಾಕಿದರೆ ಎರಡೂಕಾಲು ಲಕ್ಷದಿಂದ ಮೂರು ಲಕ್ಷ ಲೀಟರ್. ಎರಡು ಇಂಚಿನ ಬೋರ್ ದಿನಕ್ಕೆ ಏಳು ಗಂಟೆ ಓಡಿದರೆ 20,000 ಲೀಟರ್ ಎತ್ತುತ್ತದೆ. ಒಂದು ಎಕರೆಯಲ್ಲಿ ಇಡೀ ವರ್ಷ ಇಳಿದದ್ದು ಅದಕ್ಕೆ ಹೆಚ್ಚೆಂದರೆ ಹದಿನೈದು ದಿನಕ್ಕೆ ಸಾಲುತ್ತದೆ. ಮಿಕ್ಕ ದಿನಗಳ ನೀರು ಸುತ್ತಲಿನವರ ಪಾಲಿನದ್ದು, ಇಲ್ಲವೇ ಹಳೆಯ ಗಂಟು.

ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧಕರು 84 ಚದರ ಕಿ.ಮೀ. ಜಲಾನಯನದ ಬಾವಿಗಳನ್ನು ದಶಕಕ್ಕೂ ಮೇಲೆ ಅಳೆಯುತ್ತಿದ್ದಾರೆ. ಅಲ್ಲಿ ಕಂಡದ್ದು ಪಠ್ಯಪುಸ್ತಕಕ್ಕೆ ತಲೆಕೆಳಗು. ತಗ್ಗಿನಲ್ಲಿ ನೀರು ಮೇಲಿರಬೇಕು, ದಿಣ್ಣೆಯಲ್ಲಿ ಆಳದಲ್ಲಿರಬೇಕು, ಅಲ್ವಾ? ಬೇರಂಬಾಡಿಯಲ್ಲಿ ತಗ್ಗಿನ ಊರುಗಳಲ್ಲೇ ನೀರು ಹೆಚ್ಚು ಆಳಕ್ಕೆ ಹೋಗಿದೆ. ಒಳ್ಳೆಯ ಮಣ್ಣು, ಕೈಗೆ ಸಿಗುವ ನೀರು ಇದ್ದದ್ದರಿಂದ ಪಂಪ್ ಮೊದಲು ಬಂದದ್ದು ಅಲ್ಲಿಗೆ. ಎತ್ತಿದ ನೀರು ಗೊಬ್ಬರ ತೊಳೆದುಕೊಂಡು ಮತ್ತೆ ಅದೇ ಬಾವಿಗೆ ಇಳಿಯುತ್ತದೆ, ಮತ್ತೆ ಎತ್ತುತ್ತಾರೆ. ಕೆಲವು ಕಡೆ ನೈಟ್ರೇಟ್ ಕುಡಿಯುವ ನೀರಿನ ಮಿತಿಯನ್ನು ಎಷ್ಟೋ ಪಟ್ಟು ಮೀರಿದೆ.

ಆಳದ ನೀರಿಗೆ ಇನ್ನೊಂದು ಕಾಟ, ಫ್ಲೋರೈಡ್. ಗ್ರಾನೈಟ್‌ನಲ್ಲಿರುವ ಅಭ್ರಕ, ಅಪಟೈಟ್‌ನಂಥ ಖನಿಜಗಳಿಂದ ಅದು ನಿಧಾನವಾಗಿ ಕರಗುತ್ತದೆ. ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದಷ್ಟೂ, ಅದರಲ್ಲಿ ಸುಣ್ಣದ ಅಂಶ ಕಡಿಮೆಯಾದಷ್ಟೂ ಫ್ಲೋರೈಡ್ ಏರುತ್ತದೆ. ಲೀಟರ್‌ಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5 ಕೊನೆಯ ಮಿತಿ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಹಲ್ಲು ಮೂಳೆಗಳಲ್ಲೇ ಕಂಡಿದ್ದಾರೆ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ.

ಮೇಲಿನ ಪದರ ಮತ್ತೆ ನೆನೆದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಡೆ ಕಣ್ಣಾರೆ ನೋಡಿದ್ದೇವೆ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಒಂದೊಂದಾಗಿ ಕೆಳಗಿನ ಕೆರೆಗಳಿಗೆ ಹರಿಯಿತು. ಆ ಕೆರೆಗಳ ಸುತ್ತ ಎಷ್ಟೋ ಬೋರ್‌ಗಳಲ್ಲಿ ನೀರಿನ ಮಟ್ಟ ಮೇಲೆ ಬಂತು. 2021ರ ನವೆಂಬರ್ ಮಳೆಯ ನಂತರವಂತೂ ಕೆಲವು ಬೋರ್‌ಗಳು ಮೋಟಾರ್ ಇಲ್ಲದೆ ಉಕ್ಕಿದವು. ಇದರಲ್ಲಿ ಪವಾಡವಿಲ್ಲ. ಕೂಡಿಡುವ ತಾಕತ್ತು ಕಡಿಮೆ ಇರುವ ಬಿರುಕಿನಲ್ಲಿ ಸ್ವಲ್ಪ ನೀರು ಇಳಿದರೂ ಮಟ್ಟ ನೂರಾರು ಅಡಿ ಏರುತ್ತದೆ. ಅಷ್ಟೇ ಬೇಗ ಇಳಿಯುತ್ತದೆ ಕೂಡ. ಕೆ.ಸಿ. ವ್ಯಾಲಿ ನೀರಿನ ಗುಣದ ಬಗ್ಗೆ ಜಗಳ ಕೋರ್ಟಿನವರೆಗೂ ಹೋಗಿತ್ತು. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಅನ್ನುವವರ ಪರ ನಾನಿದ್ದೇನೆ. ಮಟ್ಟ ಏರಿದ್ದು ನಿಜ. ಆ ನೀರನ್ನು ಕುಡಿಯುವುದಾದರೆ ನಿಮ್ಮ ಬೋರ್‌ನ ನೀರನ್ನೇ ಲ್ಯಾಬ್‌ಗೆ ಕೊಟ್ಟು ನೋಡಿ, ಪಕ್ಕದವರ ರಿಪೋರ್ಟ್ ನಿಮಗೆ ಆಗುವುದಿಲ್ಲ. ಮಳೆ ನೀರನ್ನು ಬೋರ್ ಸುತ್ತ ಗುಂಡಿ ತೆಗೆದು ಇಂಗಿಸುವವರಿಗೂ ಇದೇ ಮಾತು. ಜಲ್ಲಿ, ಮರಳು ಹಾಕದೆ ಕೇಸಿಂಗ್‌ಗೆ ತೂತು ಹೊಡೆದು ಹೊಲದ ನೀರು ಬಿಟ್ಟರೆ ಔಷಧಿ, ಗೊಬ್ಬರ ಎಲ್ಲ ನೇರ ಬಿರುಕಿಗೆ ಇಳಿಯುತ್ತದೆ.

ಹೊಸದಾಗಿ ಬೋರ್ ಹಾಕಿಸುವವರು ಲಾರಿ ಹೊರಡುವ ಮುಂಚೆ ಕೇಸಿಂಗ್ ಎಷ್ಟು ಅಡಿ ಇಳಿಯಿತು, ಯಾವ ಅಡಿಯಲ್ಲಿ ಪುಡಿಯ ಬಣ್ಣ ಬದಲಾಯಿತು, ಎಲ್ಲಿ ತುಕ್ಕು ಬಣ್ಣದ ಚೂರು ಬಂತು ಎಂದು ಬರೆದಿಟ್ಟುಕೊಳ್ಳಿ. ಆ ತುಕ್ಕು ಬಣ್ಣ ಹಳೆಯ ನೀರು ಓಡಾಡಿದ ಗುರುತು. ಮೋಟಾರ್ ಕೊಳ್ಳುವ ಮುಂಚೆ ಬಾಡಿಗೆ ಮೋಟಾರ್ ಇಳಿಸಿ ಎಂಟು ಹತ್ತು ಗಂಟೆ ಬಿಡದೆ ಓಡಿಸಿ, ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ನೋಡಿ. ಮಟ್ಟ ಒಂದು ಕಡೆ ನಿಂತಾಗ ಬರುತ್ತಿರುವ ನೀರೇ ನಿಮ್ಮ ಬೋರ್‌ನ ನಿಜವಾದ ಇಳುವರಿ. ಎಚ್‌ಪಿ ಆರಿಸಬೇಕಾದದ್ದು ಅದಕ್ಕೆ. ಮೋಟಾರ್ ಇಳಿಸುವಾಗ ಪಕ್ಕದಲ್ಲೇ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಒಂದನ್ನು ಇಳಿಸಿಬಿಡಿ. ಮುಂದೆ ತಿಂಗಳಿಗೊಮ್ಮೆ ಮಟ್ಟ ಅಳೆಯಲು ಅದರೊಳಗೆ ಟೇಪ್ ಬಿಟ್ಟರೆ ಸಾಕು, ಮೋಟಾರ್ ಮೇಲೆತ್ತಬೇಕಾಗಿಲ್ಲ.