ಸಾರಿನ ಉಪ್ಪಾಗೆ ಬೇರೆ, ಕ್ಯಾಪ್ಸೂಲಿನ ಉಪ್ಪಾಗೆ ಬೇರೆ

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ಒಬ್ಬರು ಅಕ್ಕ ನನ್ನ ಟೇಬಲ್ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ತಂದಿಟ್ಟರು. ಬೊಜ್ಜು ಕರಗಿಸುವ ಕ್ಯಾಪ್ಸೂಲ್, ಆನ್‌ಲೈನ್‌ನಲ್ಲಿ ತರಿಸಿದ್ದು. ಲೇಬಲ್ ಮೇಲೆ ಗಾರ್ಸೀನಿಯಾ ಎಂದಿತ್ತು. "ಇದು ನಮ್ಮ ಉಪ್ಪಾಗೆನೇ ಅಲ್ವಾ ಡಾಕ್ಟ್ರೇ? ಅಜ್ಜಿ ಕಾಲದಿಂದ ತಿಂದದ್ದು, ಏನು ತೊಂದರೆ?" ಎಂದು ಕೇಳಿದರು.

ಗಿಡ ಅದೇ, ನಿಜ. ಉಪ್ಪಾಗೆ ನಮ್ಮ ಮಲೆನಾಡಿನ ಹುಳಿ ಹಣ್ಣು. ಆದರೆ ಹೊಗೆಯಲ್ಲಿ ಒಣಗಿಸಿದ ಅದರ ಕಪ್ಪು ಸಿಪ್ಪೆಯ ಎರಡು ಚೂರು ಸಾರಿಗೆ ಬಿದ್ದರೆ ಆ ಹುಳಿ ಮನೆಮಂದಿಗೆಲ್ಲ ಹಂಚಿ ಹೋಗುತ್ತದೆ. ಕ್ಯಾಪ್ಸೂಲಿನಲ್ಲಿ ಅದೇ ಹುಳಿಯ ಸಾರ ತೆಗೆದು ಗಟ್ಟಿ ಮಾಡಿರುತ್ತಾರೆ. ದಿನಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ನುಂಗುತ್ತಾರೆ. ಆಗ ಅದು ಅಡುಗೆಯ ಹುಳಿಯಲ್ಲ, ಔಷಧಿ.

ಈ ಸಾರದಲ್ಲಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅನ್ನ, ಸಕ್ಕರೆ ಹೆಚ್ಚಾದಾಗ ಲಿವರ್ ಅದನ್ನು ಕೊಬ್ಬು ಮಾಡುತ್ತದಲ್ಲ, ಅದಕ್ಕೆ ಬೇಕಾದ ಒಂದು ಎಂಜೈಮನ್ನು ಈ ಆಮ್ಲ ತಡೆಯುತ್ತದೆ. ಇಲಿಗಳಲ್ಲಿ ಇದು ಚೆನ್ನಾಗಿಯೇ ಕಂಡಿತು. ಏಕೆಂದರೆ ಇಲಿಯ ಲಿವರ್ ಈ ಕೆಲಸವನ್ನು ಜೋರಾಗಿ ಮಾಡುತ್ತದೆ. ಮನುಷ್ಯರಲ್ಲಿ ಅದು ಕಡಿಮೆ. ನಮ್ಮ ಮೈಯಲ್ಲಿ ಕೂರುವ ಕೊಬ್ಬಿನ ಬಹುಪಾಲು ತಿಂದ ಎಣ್ಣೆ, ತುಪ್ಪದ್ದೇ. ಅನ್ನ, ಸಕ್ಕರೆ ಜಾಸ್ತಿಯಾದರೆ ದೇಹ ಮೊದಲು ಅದನ್ನು ಸುಡುತ್ತದೆ, ಎಣ್ಣೆಯ ಕೊಬ್ಬು ಸುಮ್ನೆ ಉಳಿದುಬಿಡುತ್ತದೆ.

1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಆಮ್ಲ, ಉಳಿದವರಿಗೆ ಬರೀ ಹುಸಿ ಗುಳಿಗೆ. 12 ವಾರ ಕಳೆದ ಮೇಲೆ ಆಮ್ಲ ತಿಂದವರು ಸರಾಸರಿ 3.2 ಕೆ.ಜಿ. ಇಳಿದಿದ್ದರು, ಹುಸಿ ಗುಳಿಗೆಯವರು 4.1 ಕೆ.ಜಿ. ಎಲ್ಲರಿಗೂ ಕೊಟ್ಟಿದ್ದ ಪಥ್ಯವೇ ಕೆಲಸ ಮಾಡಿತ್ತು.

ನನಗೆ ಹೆಚ್ಚು ಭಯವಾದದ್ದು ಆ ಅಕ್ಕನ ಲಿವರ್ ಬಗ್ಗೆ. ಅವರಿಗೆ ಫ್ಯಾಟಿ ಲಿವರ್ ಇತ್ತು, ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಹೆಚ್ಚುವ ಎಸ್‌ಜಿಪಿಟಿಯೂ ಏರಿತ್ತು. ಗಾರ್ಸೀನಿಯಾ ಇರುವ ಕ್ಯಾಪ್ಸೂಲ್‌ಗಳಿಂದ ಲಿವರ್ ಕೆಟ್ಟು ಆಸ್ಪತ್ರೆ ಸೇರಿದವರ ವರದಿಗಳಿವೆ. ಆ ಕ್ಯಾಪ್ಸೂಲನ್ನು ಅವತ್ತೇ ನಿಲ್ಲಿಸಿದೆ.

ಆಮೇಲೆ ಟೇಪ್ ತೆಗೆದು ಹೊಟ್ಟೆಯ ಸುತ್ತಳತೆ ನೋಡಿದೆ. 96 ಸೆಂ.ಮೀ. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ದಾಟಿದರೆ ಹೃದಯಕ್ಕೆ ಅಪಾಯ ಹೆಚ್ಚು. ಹೊಟ್ಟೆಯೊಳಗಿನ ಕೊಬ್ಬು ಲಿವರ್‌ಗೆ ಹರಿಯುತ್ತದೆ, ಅಲ್ಲಿಂದ ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ರಕ್ತಕ್ಕೆ ಬರುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಬಿಪಿ ಏರುತ್ತದೆ. ತೂಕದ ಯಂತ್ರ ಇದನ್ನೆಲ್ಲ ಹೇಳುವುದಿಲ್ಲ.

ಗಿಡದಿಂದ ಬಂದದ್ದೇ ಬೇಕು ಅನ್ನುವವರಿಗೆ ನಾನು ಹೇಳುವುದು ಇಸಬಗೋಲ್. ದಿನಕ್ಕೆ 7ರಿಂದ 10 ಗ್ರಾಂ ತೆಗೆದುಕೊಂಡರೆ ಕೆಟ್ಟ ಕೊಲೆಸ್ಟ್ರಾಲ್ ಸುಮಾರು ಶೇ. 5ರಿಂದ 10 ಇಳಿಯುತ್ತದೆ. ದೊಡ್ಡ ಲೋಟದ ತುಂಬಾ ನೀರು ಬೇಕೇ ಬೇಕು, ಇಲ್ಲವಾದರೆ ಗಂಟಲಲ್ಲಿ ಕಟ್ಟಿಕೊಳ್ಳಬಹುದು. ಬಿಪಿ, ಶುಗರ್ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಮಾತ್ರೆ ಬಿಟ್ಟು ಇದನ್ನು ಹಿಡಿಯಬೇಡಿ.

ಅಕ್ಕನಿಗೆ ನಾನು ಬರೆದುಕೊಟ್ಟದ್ದು ಇಸಬಗೋಲ್, ಬಿಪಿ ಮಾತ್ರೆ, ಸಂಜೆ ಅರ್ಧ ಗಂಟೆ ನಡಿಗೆ. ನಾಲ್ಕು ಗಂಟೆ ಚಹಾದ ಜೊತೆಗಿನ ಕರಿದ ತಿಂಡಿ ಬಿಡಿಸಿದೆ. "ಹಾಗಾದ್ರೆ ಉಪ್ಪಾಗೆ ಸಾರು?" ಎಂದರು, ಎದ್ದು ಹೊರಟವರು ಬಾಗಿಲಲ್ಲೇ ನಿಂತು. ಅದನ್ನು ಧಾರಾಳವಾಗಿ ಉಣ್ಣಿ, ಉಪ್ಪು ಮಾತ್ರ ಸ್ವಲ್ಪ ಕಡಿಮೆ ಹಾಕಿ ಎಂದೆ.