ನ್ಯೂಕ್ಲಿಯಸ್ ಮಂಡಕ್ಕಿಯ ಹಾಗಿದೆಯೋ ಪಡ್ಡಿನ ಹಾಗಿದೆಯೋ?

ಪ್ರಶ್ನೆ: ಪರಮಾಣುವಿನ ನಡುವಿರುವ ನ್ಯೂಕ್ಲಿಯಸ್‌ಗಳೆಲ್ಲ ದುಂಡಗಿರುವುದಿಲ್ಲ ಎಂದು ಪಾಠದಲ್ಲಿ ಹೇಳಿದರು. ಯಾವ ಮೈಕ್ರೋಸ್ಕೋಪಿಗೂ ಸಿಗದ ವಸ್ತುವಿನ ಆಕಾರ ಗೊತ್ತಾಗುವುದು ಹೇಗೆ?
(ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ನಿಮ್ಮೂರಿನ ತಿಂಡಿಯನ್ನೇ ತಗೊಳ್ಳಿ. ಮಂಡಕ್ಕಿ ಕಾಳು ಉದ್ದಕ್ಕೆ ಎಳೆದ ಗೋಲ, ಪಡ್ಡು ಮೇಲಿಂದ ಅಮುಕಿದ ಗೋಲ. ನ್ಯೂಕ್ಲಿಯಸ್‌ಗಳಲ್ಲಿ ಎರಡೂ ಜಾತಿ ಉಂಟು, ಮಂಡಕ್ಕಿಯದೇ ಹೆಚ್ಚು.

ಆಕಾರ ತಿಳಿಯಲು ಒಂದು ನ್ಯೂಕ್ಲಿಯಸ್ಸನ್ನು ಇನ್ನೊಂದರ ಹತ್ತಿರದಿಂದ ಹಾಯಿಸುತ್ತಾರೆ, ಆದರೆ ತಾಗಿಸುವುದಿಲ್ಲ. ತಾಗಿದರೆ ನ್ಯೂಕ್ಲಿಯರ್ ಬಲ ನಡುವೆ ಬಂದು ಲೆಕ್ಕ ಕೆಡುತ್ತದೆ. ವಿದ್ಯುತ್ ಬಲದ ಲೆಕ್ಕವಾದರೋ ಚೊಕ್ಕ. ಹಾದುಹೋಗುವಾಗಿನ ವಿದ್ಯುತ್ ಕ್ಷೇತ್ರದ ಜಗ್ಗಾಟಕ್ಕೆ ನ್ಯೂಕ್ಲಿಯಸ್ ಮೇಲಿನ ಶಕ್ತಿಮಟ್ಟಕ್ಕೆ ಏರಿ, ಇಳಿಯುವಾಗ ಗಾಮಾ ಕಿರಣ ಬಿಡುತ್ತದೆ. ಇದೇ ಕೂಲಂಬ್ ಉದ್ದೀಪನ. ದುಂಡನೆಯದಕ್ಕಿಂತ ಸೊಟ್ಟಗಿರುವುದು ಸುಲಭವಾಗಿ ಏರುತ್ತದೆ, ಹಾಗಾಗಿ ಗಾಮಾ ಎಣಿಕೆಯೇ ಸೊಟ್ಟತನದ ಅಳತೆ.

ಎಷ್ಟು ದೂರ ಇಡಬೇಕು? ಮೇಲ್ಮೈಗಳ ನಡುವೆ ಕನಿಷ್ಠ 5 ಫೆಮ್ಟೊಮೀಟರ್ (ಒಂದು ಫೆಮ್ಟೊಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು). ನಿಕಲ್-58ನ್ನು ತವರ-116ರ ಮೇಲೆ ಬಿಡುತ್ತೀರಿ ಅನ್ನಿ. ದ್ರವ್ಯರಾಶಿ ಸಂಖ್ಯೆಗಳ (58, 116) ಘನಮೂಲ ಕೂಡಿಸಿ 1.25ರಿಂದ ಗುಣಿಸಿದರೆ ಎರಡರ ತ್ರಿಜ್ಯಗಳ ಮೊತ್ತ 10.9, ಅದಕ್ಕೆ 5 ಸೇರಿಸಿದರೆ ಕೇಂದ್ರಗಳ ನಡುವಿನ ದೂರ 15.9. ಈಗ ವಿದ್ಯುತ್ ಬಲದ ಸ್ಥಿರಾಂಕ 1.44ನ್ನು ಎರಡರ ಪ್ರೋಟಾನ್ ಸಂಖ್ಯೆಗಳಿಂದ ಗುಣಿಸಿ, ಅಂದರೆ 1.44 × 28 × 50, 15.9ರಿಂದ ಭಾಗಿಸಿ: 127 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್), ಶಕ್ತಿ ಇದನ್ನು ಮೀರಬಾರದು. ಇದು ದ್ರವ್ಯರಾಶಿ ಕೇಂದ್ರದಿಂದ, ಅಂದರೆ ಎರಡೂ ಸಮತೂಗುವ ಬಿಂದುವಿನಿಂದ ನೋಡಿದ ಲೆಕ್ಕ. ಲ್ಯಾಬಿನಲ್ಲಿ ತವರ ನಿಂತಿರುತ್ತದೆ, ಹಾಗಾಗಿ ನಿಕಲ್‌ಗೆ ಕೊಡಬಹುದಾದದ್ದು ಅದರ ಒಂದೂವರೆ ಪಟ್ಟು, ಸುಮಾರು 190. ಅಂಚಿಗೆ ಹೋಗದೆ 175 ಇಟ್ಟರೆ ನೆಮ್ಮದಿ. ಈ ಜೋಡಿಯ ಪ್ರಯೋಗ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಪೆಲೆಟ್ರಾನ್ ಯಂತ್ರದಲ್ಲಿ ನಡೆದಿದೆ.

ತವರದ ಹಾಳೆ ಚದರ ಸೆಂಟಿಮೀಟರಿಗೆ ಅರ್ಧ ಮಿಲಿಗ್ರಾಂ, ಅಂದರೆ ಒಂದು ಮೈಕ್ರಾನಿಗಿಂತ ತೆಳು. ದಪ್ಪವಾದರೆ ನಿಕಲ್ ಒಳಗೇ ಶಕ್ತಿ ಕಳೆದುಕೊಂಡು ದಿಕ್ಕು ತಪ್ಪುತ್ತದೆ. ಆ ದಿಕ್ಕು ನಮಗೆ ಬೇಕೇ ಬೇಕು: ನಿಕಲ್ ಬೆಳಕಿನ ಶೇ. 8ರ ವೇಗದಲ್ಲಿ ಓಡುತ್ತಿರುತ್ತದೆ, ಡಾಪ್ಲರ್ ಪರಿಣಾಮದಿಂದ (ಓಡುವ ಆಕರ ಬಿಟ್ಟ ಕಿರಣದ ಶಕ್ತಿ ದಿಕ್ಕಿಗೆ ತಕ್ಕಂತೆ ಬದಲಾಗುವುದು) ಅದರ 1454 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಗಾಮಾ ಗೆರೆ ನೂರು ಕೆಇವಿಯಷ್ಟು ಆಚೀಚೆ ಸರಿಯುತ್ತದೆ. ಚದುರಿದ ಕಣ ಎಲ್ಲಿ ಬಿತ್ತೆಂದು ಉಂಗುರಾಕಾರದ ಡಿಟೆಕ್ಟರ್ ಹೇಳದಿದ್ದರೆ, ಗೆರೆಯ ಬದಲು ಅಗಲವಾದ ದಿಬ್ಬ ಮಾತ್ರ ಸಿಗುತ್ತದೆ, ಪಕ್ಕದಲ್ಲಿರುವ ತವರದ 1294 ಕೆಇವಿ ಗೆರೆಯನ್ನೂ ಮಸುಕು ಮಾಡುತ್ತದೆ.

ಒಂದು ಜಾಣ ಉಪಾಯವೂ ಇದೆ. ತವರದ ಎಣಿಕೆಯನ್ನು ನಿಕಲ್‌ನ ಎಣಿಕೆಯಿಂದ ಭಾಗಿಸುತ್ತಾರೆ. ನಿಕಲ್ ಎಷ್ಟು ಸುಲಭವಾಗಿ ಏರುತ್ತದೆಂದು ಮೊದಲೇ ಗೊತ್ತಿರುವುದರಿಂದ ಅದೇ ಅಳತೆಗೋಲು. ಕಿರಣಪುಂಜದ ಏರಿಳಿತ ತಾನಾಗಿ ಹೊಡೆದುಹೋಗುತ್ತದೆ.

ಇಷ್ಟರಿಂದ ಸೊಟ್ಟ ಎಷ್ಟು ಎಂದು ತಿಳಿಯಿತು, ಮಂಡಕ್ಕಿಯೋ ಪಡ್ಡೋ ಎಂದು ತಿಳಿಯಲಿಲ್ಲ. ಅದಕ್ಕೆ ಹಿಂದಕ್ಕೆ ಚಿಮ್ಮಿದ ಕಣಗಳನ್ನೇ ನೋಡಬೇಕು. ಅವು ತೀರ ಹತ್ತಿರ ಹೋಗಿ ಬಂದವು. ಏರಿದ ನ್ಯೂಕ್ಲಿಯಸ್ಸನ್ನು ಅದೇ ಹಾದಿಯಲ್ಲಿ ಮತ್ತೊಮ್ಮೆ ತಿರುಚುತ್ತವೆ. ಆಗ ಎಣಿಕೆ ತುಸು ಏರಿದರೆ ಒಂದು ಆಕಾರ, ಇಳಿದರೆ ಇನ್ನೊಂದು. ವ್ಯತ್ಯಾಸ ಸಣ್ಣದು, ಇಲ್ಲೇ ಎಡವುವುದು ಹೆಚ್ಚು.

ಮೂರನೆಯ ಆಕಾರವೂ ಉಂಟು. ರೇಡಿಯಂ-224ರ ಅರ್ಧಾಯುಷ್ಯ 3.6 ದಿನ, ಹಾಳೆ ಮಾಡಿ ಇಟ್ಟುಕೊಳ್ಳುವಂಥದ್ದಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಐಸೋಲ್ಡ್ ಘಟಕದಲ್ಲಿ ಅದನ್ನೇ ಕಿರಣಪುಂಜವಾಗಿಸಿ ನಿಕಲ್, ಕ್ಯಾಡ್ಮಿಯಂ, ತವರದ ಹಾಳೆಗಳ ಮೇಲೆ ಬಿಟ್ಟರು. 2013ರಲ್ಲಿ ಪ್ರಕಟವಾದ ಉತ್ತರ: ಒಂದು ತುದಿ ದಪ್ಪ, ಇನ್ನೊಂದು ಸಣ್ಣ, ಮರಸೇಬಿನ ಹಾಗೆ. ಜೊತೆಗೆ ಅಳೆದ ರೇಡಾನ್-220 ಮಾತ್ರ ಆ ಆಕಾರದತ್ತ ಹೋಗಿ ಬರುತ್ತಾ ಕಂಪಿಸುತ್ತದೆ, ಅದರಲ್ಲಿ ನಿಲ್ಲುವುದಿಲ್ಲ.