ಗಾಯ ನಂಜಾಗೋದು ಬದನೆಕಾಯಿಯಿಂದಲ್ಲ
ನಮ್ಮ ಶ್ರೀನಿವಾಸಪುರದ ಕಡೆ ಇವತ್ತಿಗೂ ಯಾರಾದ್ರೂ ಕಾಲು ಕುಯ್ಕೊಂಡ್ರೆ ಗಾಯಕ್ಕೆ ಕಾಫಿ ಪುಡಿ ಮೆತ್ತಿ ಕೈಗೆ ಸಿಕ್ಕ ಬಟ್ಟೆ ಕಟ್ತಾರೆ, ಮೇಲಿಂದ ಬದನೆಕಾಯಿ ತಿನ್ಬೇಡ ನಂಜಾಗುತ್ತೆ ಅಂತಾರೆ. ಇದನ್ನ ನೋಡಿದಾಗೆಲ್ಲ ನಂಗೆ ಸಂಕಟ ಆಗುತ್ತೆ, ಯಾಕಂದ್ರೆ ನಂಜು ಎಲ್ಲಿಂದ ಬರುತ್ತೆ ಅಂತ ಜೋಸೆಫ್ ಲಿಸ್ಟರ್ ತೋರಿಸಿ 150 ವರ್ಷದ ಮೇಲಾಯ್ತು.

1827ರಲ್ಲಿ ಇಂಗ್ಲೆಂಡಲ್ಲಿ ಹುಟ್ಟಿದ ಲಿಸ್ಟರ್ ಗ್ಲಾಸ್ಗೋದಲ್ಲಿ ಸರ್ಜನ್ ಆಗಿದ್ದಾಗ ಕ್ಲೋರೋಫಾರ್ಮ್ ಬಂದಿತ್ತು, ನೋವಿಲ್ಲದೆ ಆಪರೇಷನ್ ಆಗ್ತಿತ್ತು, ಆದ್ರೆ ಆಮೇಲೆ ವಾರ್ಡಲ್ಲಿ ಗಾಯ ಕೊಳೆತು ಜನ ಸಾಯ್ತಿದ್ರು. ಕೆಟ್ಟ ಗಾಳಿ ಸೋಕಿದ್ದಕ್ಕೆ ಹಿಂಗಾಯ್ತು ಅಂತ ಡಾಕ್ಟರುಗಳೇ ನಂಬಿದ್ರು.

ಲಿಸ್ಟರ್ ತಲೆ ಕೊರೆದಿದ್ದು ಒಂದೇ ವಿಷಯ. ಮೂಳೆ ಮುರಿದ್ರೂ ಚರ್ಮ ಹರೀದಿದ್ರೆ ಒಳಗೊಳಗೇ ಕೂಡ್ಕೊಳ್ಳುತ್ತೆ, ಅದೇ ಮೂಳೆ ಚರ್ಮ ಸೀಳಿ ಈಚೆ ಬಂತು ಅಂದ್ರೆ ಆಗೆಲ್ಲ ಕೀವಾಗಿ ಕಾಲೇ ತೆಗೀಬೇಕಾಗ್ತಿತ್ತು. ನಮ್ಮ ಮಾವಿನ ಮಂಡೀಲಿ ನೋಡಿ, ಕ್ರೇಟಲ್ಲಿರೋ ಕಾಯೆಲ್ಲ ಒಂದೇ ಗಾಳೀಲಿದ್ರೂ ಸಿಪ್ಪೆಗೆ ಏಟು ಬಿದ್ದಿದ್ದೇ ಮೊದಲು ಕೊಳೆಯೋದು, ಅದೂ ಏಟು ಬಿದ್ದ ಜಾಗದಿಂದ್ಲೇ. ಅಂದ್ರೆ ಹೊರಗಿಂದ ಏನೋ ಒಳಗೆ ಹೋಗ್ತಿದೆ. ಏನದು? ಅದಕ್ಕೆ ಉತ್ತರ ಸಿಕ್ಕಿದ್ದು ಪ್ಯಾರಿಸ್‌ನಲ್ಲಿ: ಕುದಿಸಿದ ಸಾರನ್ನ ಬಾಗಿದ ಕತ್ತಿನ ಗಾಜಿನ ಬುರುಡೇಲಿಟ್ರೆ ಗಾಳಿ ಹೋದ್ರೂ ಅದು ಕೆಡಲ್ಲ, ಧೂಳು ಬಾಗಿದ ಕಡೆನೇ ನಿಂತ್ಕೊಳ್ಳುತ್ತೆ ಅಂತ ವಿಜ್ಞಾನಿ ಲೂಯಿ ಪಾಶ್ಚರ್ ತೋರಿಸಿದ್ರು. ತಪ್ಪು ಗಾಳೀದಲ್ಲ, ಧೂಳಲ್ಲಿರೋ ಜೀವಾಣುಗಳದ್ದು!

ಇಂಗ್ಲೆಂಡಿನ ಕಾರ್ಲೈಲ್ ಊರಲ್ಲಿ ಚರಂಡಿ ನೀರಿನ ವಾಸನೆಗೆ ಕಾರ್ಬಾಲಿಕ್ ಆಸಿಡ್ ಅನ್ನೋ ರಾಸಾಯನಿಕ ಹಾಕ್ತಿದ್ದ ವಿಷಯ ಲಿಸ್ಟರ್‌ಗೆ ಗೊತ್ತಾಗಿತ್ತು, ಅದು ಗಾಯದಲ್ಲಿರೋ ಜೀವಾಣುಗಳನ್ನೂ ಕೊಲ್ಲಬಹುದು ಅಂತ ಅನ್ನಿಸ್ತು. 1865 ಆಗಸ್ಟ್ 12ಕ್ಕೆ ಗಾಡಿ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗ ಜೇಮ್ಸ್ ಗ್ರೀನ್‌ಲೀಸ್ ಬಂದ. ಅದೇ ಆಸಿಡಲ್ಲಿ ನೆನೆಸಿದ ಬಟ್ಟೇನ ಗಾಯಕ್ಕೆ ಕಟ್ಟಿದ್ರು. ನಾಲ್ಕು ದಿನ ಬಿಟ್ಟು ಬಿಚ್ಚಿದ್ರೆ ಆಸಿಡ್‌ಗೆ ಚರ್ಮ ಕೆಂಪಾಗಿತ್ತು ಅಷ್ಟೇ, ಕೀವಿಲ್ಲ, ಕೊಳೆತ ವಾಸನೆ ಇಲ್ಲ. ಆರು ವಾರಕ್ಕೆ ಮೂಳೆ ಕೂಡ್ತು.

ಲಿಸ್ಟರ್ ಕೊಟ್ಟ ಲೆಕ್ಕ: ಮೊದಲು ಕೈಕಾಲು ಕತ್ತರಿಸಿದ 35 ಜನರಲ್ಲಿ 16 ಸಾವು, ಈ ಪದ್ಧತಿ ಬಂದ ಮೇಲೆ 40ರಲ್ಲಿ 6.

ಆಮೇಲೆ ಗಾಳಿಗೂ ಕಾರ್ಬಾಲಿಕ್ ಸ್ಪ್ರೇ ಹೊಡೆಯೋಕೆ ಶುರು ಮಾಡಿದ್ರು, 1890ರಲ್ಲಿ ಬರ್ಲಿನ್‌ನಲ್ಲಿ ಎಲ್ಲರ ಮುಂದೆ ಅದು ಬೇಕಿರ್ಲಿಲ್ಲ ಅಂತ ತಾವೇ ಒಪ್ಕೊಂಡ್ರು, ನಂಗೆ ಅವರ ಮೇಲೆ ಗೌರವ ಹೆಚ್ಚಾಗಿದ್ದೇ ಇಲ್ಲಿ. ಗಾಳಿಗಿಂತ ದೊಡ್ಡ ಅಪಾಯ ಗಾಯ ಮುಟ್ಟೋ ಕೈ, ಚಾಕು, ಬಟ್ಟೇದು. ಹಾಗಾಗಿ ಮೊದಲು ಕೈಗೆ ಸೋಪು ಹಾಕಿ ತೊಳ್ಕೊಳಿ, ಗಾಯನ ಹರಿಯೋ ನೀರಲ್ಲಿ ತೊಳೀರಿ, ಆಳ ಇದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ ಧನುರ್ವಾಯು ತಡೆಯೋ ಇಂಜೆಕ್ಷನ್ (ಟಿಟಿ) ಬೇಕಾ ಕೇಳಿ.